ಅತ್ತೆ ನಿಲ್ಲಿಸಿದ ಚಕ್ರ

ಪೀಣ್ಯದ ಆ ಶೆಡ್ಡಿನಲ್ಲಿ ಎಲ್ಲರೂ ತಮ್ಮ ತಮ್ಮ ತಗಡು ಹೊಡೆಯುವ ಪ್ರೆಸ್ಸುಗಳಿಗೆ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದಾಗ ಚಿರಂಜೀವಿ ಮೂಲೆಯ ಗುಂಡಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಆಗಲೇ ಹೊಳೆಯುತ್ತಿದ್ದ ಉಕ್ಕಿನ ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಮತ್ತೊಮ್ಮೆ ಒರೆಸುತ್ತಿದ್ದ. ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ. ಆದರೆ ಆಯುಧಪೂಜೆಯ ದಿನ ಕೈ ಕಟ್ಟಿಕೊಂಡು ನಿಂತ ಗಂಡಸನ್ನು ಯಾರಾದರೂ ಕರೆದು ಬಾಳೆಕಂದು ಕಟ್ಟು ಎನ್ನುತ್ತಾರೆ. ಅವನು ಮನೆಯ ಅಳಿಯನಾಗಿದ್ದರೆ ಕರೆಯುವುದಕ್ಕೂ ಸಂಕೋಚಪಟ್ಟು, ‘ಅಯ್ಯೋ, ನೀವ್ಯಾಕೆ ಬಿಡಿ’ ಎಂದು ತಾವೇ ಕಟ್ಟಿಕೊಳ್ಳುತ್ತಾರೆ. ಎರಡನೆಯದೇ ಅವನಿಗೆ ಹೆಚ್ಚು ನೋಯುತ್ತಿತ್ತು. ಐವತ್ತು ದಾಟಿದ ಮೇಲೂ ಭಾವಮೈದುನ ಗೋಪಾಲಪ್ಪನ ಕಾರ್ಖಾನೆಯಲ್ಲಿ ಅವನ ಕೆಲಸ ಏನೆಂದು ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ಅವನಿಗೂ ಇರಲಿಲ್ಲ, ಈ ಚಕ್ರ ಬರುವವರೆಗೆ. ಚಕ್ರ ಮುಚ್ಚಳದ ಕೆಳಗೆ, ನೆಲದಲ್ಲಿ ಹೂತ ಡ್ರಮ್ಮಿನೊಳಗೆ ಇತ್ತು. ಪೂಜೆಗೆ ಸೇರಿದವರೆಲ್ಲ ಅದು ತಿರುಗುತ್ತಿದೆ ಎಂದುಕೊಂಡಿದ್ದರು, ಅವನ ಅತ್ತೆಯೊಬ್ಬರ ಹೊರತು. ಅತ್ತೆ, ಪೂಜೆಗೆಂದು ಅದನ್ನು ನಿನ್ನೆ ನಿಲ್ಲಿಸಲಾಗಿದೆ ಎಂದುಕೊಂಡಿದ್ದರು. ಅದು ಕೆಟ್ಟು ನಿಂತು ಒಂದು ತಿಂಗಳ ಮೇಲಾಗಿದೆ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಅದನ್ನು ಒರೆಸುತ್ತಿದ್ದ.

ಚಕ್ರ ಎಂದರೆ ಅಂಥ ದೊಡ್ಡ ಗುಟ್ಟೇನಲ್ಲ. ಪ್ರೆಸ್ಸುಗಳು ತಗಡನ್ನು ಹೊಡೆಯುವಾಗ ಕರೆಂಟನ್ನು ಗಟಗಟ ಕುಡಿಯುತ್ತವೆ, ಆಮೇಲೆ ಸುಮ್ಮನಿರುತ್ತವೆ. ಎಲ್ಲವೂ ಒಟ್ಟಿಗೆ ಕುಡಿಯಲು ಹೊರಟರೆ ಮೇನ್ ಟ್ರಿಪ್ ಆಗಿ ಶೆಡ್ಡು ಕತ್ತಲಾಗುತ್ತದೆ. ಅದಕ್ಕೇ, ಅವು ಸುಮ್ಮನಿರುವ ಹೊತ್ತಿನಲ್ಲಿ ಸ್ವಲ್ಪಸ್ವಲ್ಪವೇ ಕರೆಂಟು ಕೊಟ್ಟು ಭಾರದ ಉಕ್ಕಿನ ಚಕ್ರವೊಂದನ್ನು ತಿರುಗಿಸಿಟ್ಟುಕೊಂಡರೆ, ಕುಡಿಯುವ ಹೊತ್ತಿಗೆ ಆ ಚಕ್ರವೇ ತನ್ನ ವೇಗದಿಂದ ಕರೆಂಟನ್ನು ವಾಪಸು ಕೊಡುತ್ತದೆ. ಗಾಳಿ ತೆಗೆದ ಡ್ರಮ್ಮಿನಲ್ಲಿ ತಿರುಗುವುದರಿಂದ ಅದನ್ನು ತಡೆಯುವುದು ಏನೂ ಇಲ್ಲ. ವೇಗ ಹಿಡಿಯಲು ಅರ್ಧ ದಿನ ಬೇಕು, ಬಿಟ್ಟರೆ ನಿಲ್ಲಲು ಒಂದಿಡೀ ಹಗಲು ಬೇಕು. ಇದನ್ನು ಚಿರಂಜೀವಿ ಫ್ಲೈವೀಲ್ ಎಂದು ಇಂಗ್ಲಿಷಿನಲ್ಲೇ ಗಂಭೀರವಾಗಿ ಶುರುಮಾಡಿ, ಚಿತ್ರ ಬಿಡಿಸಿ ವಿವರಿಸಿದಾಗ ಗೋಪಾಲಪ್ಪ ಫೋನು ನೋಡುತ್ತಲೇ ‘ಹ್ಞೂಂ ಭಾವ, ಹ್ಞೂಂ’ ಎಂದಿದ್ದ. ಲಗ್ಗೆರೆಯ ಮನೆಯ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ಲಕ್ಷ್ಮಮ್ಮ ಮಾತ್ರ ತಲೆಯೆತ್ತಿ, ‘ರಾಗಿಕಲ್ಲು ಬೀಸ್ತಾ ಬೀಸ್ತಾ ಕೈ ಬುಟ್ರೂ ತಾನೇ ಒಂದು ಸುತ್ತು ಬತ್ತದಲ್ಲ, ಅಂಗೆ ತಾನೆ ಅಳಿಯಂದ್ರೆ?’ ಎಂದು ಕೇಳಿದ್ದರು. ಅಂಗೇ ಅತ್ತೆ, ಎಂದಿದ್ದ. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಹಿಗ್ಗಿದ್ದ. ವರ್ಷಗಟ್ಟಲೆ ಓದಿದ್ದು ಒಂದು ರಾಗಿಕಲ್ಲಿನಲ್ಲಿ ಮುಗಿದುಹೋಯಿತಲ್ಲ ಎಂದು ಒಳಗೊಳಗೇ ಮುನಿಸಿಕೊಂಡಿದ್ದ. ಅವತ್ತು ರಾತ್ರಿ ಹೆಂಡತಿ ಜ್ಯೋತಿಲಕ್ಷ್ಮಿ ತಮ್ಮನ ಎದುರು ನಿಂತು, ‘ನಮ್ಮನೆಯವ್ರು ಬರೀ ಚಲನ್ನಿಗೆ ಸೈನ್ ಹಾಕೋಕೆ ಹುಟ್ಟವ್ರಾ ಗೋಪಾಲ? ಒಂದು ಗುಂಡಿ ತೋಡಕ್ಕೆ ಜಾಗ ಕೊಡಕ್ಕಾಗಲ್ವಾ ನಿಂಗೆ?’ ಎಂದು ಕೂಗಾಡಿದ್ದನ್ನು ಅವನು ಬಚ್ಚಲಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತು ಕೇಳಿಸಿಕೊಂಡಿದ್ದ. ಮುಖ ತೊಳೆದುಕೊಂಡರೆ ನಲ್ಲಿಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಕಣ್ಣು ಉರಿಯುತ್ತಿದ್ದರೂ ಹಾಗೇ ನಿಂತಿದ್ದ. ಅವಳ ಮೇಲೆ ಅಷ್ಟು ಪ್ರೀತಿ ಅವನಿಗೆ ಮದುವೆಯಲ್ಲೂ ಬಂದಿರಲಿಲ್ಲ.

ಹಾಗೆ ಬಂದ ಚಕ್ರ ಹೋದ ವರ್ಷದ ಆಯುಧಪೂಜೆಯಲ್ಲಿ ಅವನನ್ನು ಒಂದು ದಿನದ ಮಟ್ಟಿಗೆ ಮನುಷ್ಯನನ್ನಾಗಿ ಮಾಡಿತ್ತು. ಈ ಶೆಡ್ಡಿನಲ್ಲಿ ಮಾವ ಹನುಮಂತಯ್ಯನವರು ಹಾಕಿಕೊಟ್ಟ ಒಂದು ಪದ್ಧತಿಯಿದೆ. ಅವರು ಬದುಕಿನ ಅರ್ಧ ಹೊಲದಲ್ಲಿ ಕಳೆದವರು. ಯುಗಾದಿಯಲ್ಲಿ ವರ್ಷದ ಮೊದಲ ಉಳುಮೆಗೆ ಹೊನ್ನಾರು ಕಟ್ಟಿ ಊರಿನ ಎತ್ತೆಲ್ಲ ಒಟ್ಟಿಗೆ ಹೊಲಕ್ಕೆ ಇಳಿಯುವುದನ್ನು ನೋಡಿ ಬೆಳೆದವರು. ಹೊಲ ಹೋಗಿ ಶೆಡ್ಡು ಬಂದಾಗ, ಪೂಜೆಯ ದಿನ ಪ್ರೆಸ್ಸುಗಳೂ ಒಟ್ಟಿಗೇ ಹೊರಡಬೇಕು ಎಂದುಬಿಟ್ಟರು. ಅಂದಿನಿಂದ, ಬಾಗಿಲಲ್ಲಿ ಬೂದುಗುಂಬಳ ಒಡೆದ ಕೂಡಲೇ ಎಲ್ಲರೂ ಹೆಂಡತಿ ಮಕ್ಕಳ ಜೊತೆ ತಮ್ಮ ಮಿಷಿನ್ನಿನ ಮುಂದೆ ನಿಂತು ಒಂದೇ ಸಲಕ್ಕೆ ಹಸಿರು ಗುಂಡಿ ಒತ್ತುತ್ತಾರೆ. ಪೀಣ್ಯದಲ್ಲಿ ಬೇರೆ ಯಾರೂ ಮಾಡದ ಈ ಕೆಲಸದಿಂದ ಪ್ರತಿ ವರ್ಷ ಮೇನ್ ಟ್ರಿಪ್ ಆಗುತ್ತಿತ್ತು. ಪ್ರತಿ ವರ್ಷ ಎಲೆಕ್ಟ್ರಿಷಿಯನ್ ಕೊಟ್ರಪ್ಪ ಬೈಸಿಕೊಳ್ಳುತ್ತಿದ್ದ. ಹೋದ ವರ್ಷ ಟ್ರಿಪ್ ಆಗಲಿಲ್ಲ. ದೀಪ ಕೂಡ ಮಿಣುಕಲಿಲ್ಲ. ಜ್ಯೋತಿಲಕ್ಷ್ಮಿ ಕಡ್ಲೆಪುರಿಯ ತಟ್ಟೆ ಹಿಡಿದುಕೊಂಡು ಎಲ್ಲರ ಎದುರು ಅವನತ್ತ ನೋಡಿದ ನೋಟವನ್ನು ಅವನು ಆಮೇಲೆ ಎಷ್ಟೋ ದಿನ, ಬಸ್ಸಿನಲ್ಲಿ ನಿಂತಿರುವಾಗ, ಪಡಿತರದ ಸಾಲಿನಲ್ಲಿರುವಾಗ, ಮತ್ತೆ ಮತ್ತೆ ನೆನೆಸಿಕೊಂಡು ಬಳಸಿ ಬಳಸಿ ಸವೆಸಿದ್ದ.

ಅದು ಸತ್ತದ್ದು ಗೌರಿ ಹಬ್ಬಕ್ಕೆ ಮುಂಚಿನ ಒಂದು ಬೆಳಗ್ಗೆ. ದಿನವೂ ಬಂದ ಕೂಡಲೇ ಮುಚ್ಚಳದ ಮೇಲೆ ಅಂಗೈ ಇಡುವುದು ಅವನ ಅಭ್ಯಾಸ; ಮಲಗಿದ ಹಸುವಿನ ಮೈ ಮುಟ್ಟಿದಂತೆ ಒಂದು ಸಣ್ಣ ನಡುಕ ಕೈಗೆ ತಾಗುತ್ತಿತ್ತು. ಅವತ್ತು ತಾಗಲಿಲ್ಲ. ಕೈ ಜೋಮು ಹಿಡಿದಿರಬೇಕೆಂದು ಇನ್ನೊಂದು ಕೈ ಇಟ್ಟ. ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು ಕೆನ್ನೆ ಇಟ್ಟ. ತಣ್ಣಗಿತ್ತು. ಒಳಗೆ ಬೇರಿಂಗು ಕಚ್ಚಿಕೊಂಡಿತ್ತು. ಸರಿಮಾಡಬೇಕೆಂದರೆ ಕ್ರೇನು ತರಿಸಿ ಎಲ್ಲ ಬಿಚ್ಚಬೇಕು, ಅಂದರೆ ಗೋಪಾಲಪ್ಪನಿಗೆ ಹೇಳಬೇಕು. ಹೇಳಿಬಿಡೋಣ ಎಂದು ಎದ್ದ. ಅಷ್ಟರಲ್ಲಿ ಟೀ ಬಂತು. ಟೀ ಕುಡಿದು ಹೇಳೋಣ ಎಂದುಕೊಂಡ. ಟೀ ಮುಗಿಯುವ ಹೊತ್ತಿಗೆ ಒಂದು ಹಾಳು ಕುತೂಹಲ ಹುಟ್ಟಿತು: ಯಾರಾದರೂ ತಾವಾಗಿ ಗಮನಿಸುತ್ತಾರೋ ನೋಡೋಣ. ಯಾರೂ ಗಮನಿಸಲಿಲ್ಲ. ಆರ್ಡರುಗಳು ಕಮ್ಮಿಯಿದ್ದ ಕಾಲ. ಎರಡು ಪ್ರೆಸ್ಸು ಓಡಿದರೆ ಉಳಿದವು ಮಲಗಿರುತ್ತಿದ್ದವು. ಚಕ್ರದ ಹಂಗೇ ಇಲ್ಲದೆ ಕೆಲಸ ಆರಾಮಾಗಿ ಸಾಗುತ್ತಿತ್ತು. ಮೊದಲ ಕೆಲವು ದಿನ ಅವನಿಗೆ ಹೆದರಿಕೆ ಇತ್ತು. ಆಮೇಲೆ ಹೆದರಿಕೆ ಇಳಿದು ಅವಮಾನ ಏರಿತು. ಬದುಕಿನಲ್ಲಿ ಅವನು ಮಾಡಿದ ಒಂದೇ ಒಂದು ವಸ್ತು ಸತ್ತು ಬಿದ್ದಿದೆ, ಅದರ ಮೇಲೆ ಯಾರೋ ಟಿಫಿನ್ ಡಬ್ಬಿ ಇಟ್ಟು ಊಟ ಮಾಡುತ್ತಿದ್ದಾರೆ. ಕೊಟ್ರಪ್ಪ ಒಬ್ಬ, ಕೊಟ್ಟೂರು ಕಡೆಯಿಂದ ಬಂದ ಭಕ್ತ, ದಿನಾ ಬಂದು ಮುಚ್ಚಳಕ್ಕೆ ಕಿವಿಯಿಟ್ಟು, ‘ಏನ್ ಓಡಾಕತ್ತೈತ್ರಿ ಸಾರ್! ಓಂ ಅಂತೈತ್ರಿ ಒಳಗ!’ ಎನ್ನುತ್ತಿದ್ದ. ಚಿರಂಜೀವಿ ನಗುತ್ತಿದ್ದ. ಕೊಟ್ರಪ್ಪ ಅತ್ತ ಹೋದ ಮೇಲೆ ಒಮ್ಮೆ ತಾನೂ ಬಗ್ಗಿ ಕಿವಿಯಿಟ್ಟು ಕೇಳಿದ್ದ. ಅಷ್ಟು ನಾಚಿಕೆಗೆಟ್ಟ ಆಸೆ.

ಅದೂ ಹೇಗೋ ಸಾಗುತ್ತಿತ್ತು. ಆದರೆ ಹಬ್ಬ ಹತ್ತಿರ ಬಂತು. ಹೋದ ವರ್ಷ ಪೂಜೆಯ ಹೊತ್ತಿನಲ್ಲೂ ಚಕ್ರ ತಿರುಗುತ್ತಲೇ ಇದ್ದದ್ದು ಅತ್ತೆಗೆ ಸರಿಬಂದಿರಲಿಲ್ಲ. ಆಯುಧಪೂಜೆ ಎಂದರೆ ಆಯುಧಕ್ಕೆ ಬಿಡುವು. ನೇಗಿಲು, ಕುಡುಗೋಲು, ಒನಕೆ, ಎಲ್ಲ ತೊಳೆದು ಒರಗಿಸಿಟ್ಟು ಕೈ ಮುಗಿಯುವುದು. ಓಡುವ ಯಂತ್ರಕ್ಕೆ ಕುಂಕುಮ ಇಟ್ಟರೆ ಏನು ಫಲ? ಆ ವರ್ಷ ಮನೆಯಲ್ಲಿ ಆದ ಕೆಡುಕುಗಳನ್ನೆಲ್ಲ, ಗೋಪಾಲಪ್ಪನ ಪಿತ್ತಕೋಶದ ಆಪರೇಷನ್ನಿನಿಂದ ಹಿತ್ತಲ ತೆಂಗಿನಮರಕ್ಕೆ ಸಿಡಿಲು ಹೊಡೆದದ್ದರವರೆಗೆ, ಅವರು ಚಕ್ರದ ಲೆಕ್ಕಕ್ಕೇ ಹಾಕಿದ್ದರು. ಮೊನ್ನೆ ಅವನ ಮುಂದೆ ಬಂದು ನಿಂತು, ‘ಅಳಿಯಂದ್ರೆ, ನಾನು ನಿಮ್ಮುನ್ನ ಯಾವತ್ತಾನ ಏನಾನ ಕೇಳಿವ್ನಿ? ಈ ಸಲ ಅದುನ್ನ ಒಂದಿನ ನಿಲ್ಸಿ’ ಎಂದರು. ಅವನು ಆಗಲಿ ಎಂದ. ಅತ್ತೆಯ ಮಾತನ್ನು ಅವರು ಕೇಳುವ ಮೊದಲೇ ನಡೆಸಿಕೊಟ್ಟ ಅಳಿಯ ಇಡೀ ಲಗ್ಗೆರೆಯಲ್ಲಿ ತಾನೊಬ್ಬನೇ ಎಂದು ಅವನಿಗೆ ನಗು ಬಂತು. ಅತ್ತೆ ಅದನ್ನು ಸಂತೋಷದ ನಗು ಎಂದುಕೊಂಡು ತಾವೂ ನಕ್ಕರು. ನಿನ್ನೆ ಗೋಪಾಲಪ್ಪ ಅವನನ್ನು ಆಫೀಸಿನ ರೂಮಿಗೆ ಕರೆದು ಬಾಗಿಲು ಹಾಕಿಕೊಂಡ. ‘ಅಮ್ಮ ಹೇಳ್ತು ಅಂತ ನಿಲ್ಸಿಗಿಲ್ಸಿ ಬಿಟ್ಟೀರ ಭಾವ. ನಾಳೆ ದೊಡ್ಡನೆಕ್ಕುಂದಿ ಕಂಪನಿಯಿಂದ ಹರ್ಷವರ್ಧನ್ ಬತ್ತಾವ್ರೆ. ಅವ್ರ ಕಂಪ್ಯೂಟರ್ ರೂಮಿಗೆ ಇಂಥದ್ದೇ ಬೇಕಂತೆ. ನಮ್ದು ಎಲ್ಲ ಮಿಷಿನ್ನು ಒಟ್ಟಿಗೆ ಸ್ಟಾರ್ಟ್ ಆದ್ರೂ ಲೈಟ್ ಅಲ್ಲಾಡಲ್ಲ ಅಂದಿವ್ನಿ. ಅಮ್ಮಂಗೆ ನಿಂತದೆ ಅಂದ್ಬಿಡಿ, ಅದ್ಕೇನ್ ಗೊತ್ತಾಯ್ತದೆ?’ ಆಗ ಹೇಳಬಹುದಿತ್ತು. ರೂಮಿನಲ್ಲಿ ಇಬ್ಬರೇ ಇದ್ದರು, ಬಾಗಿಲು ಹಾಕಿತ್ತು, ಫ್ಯಾನು ತಿರುಗುತ್ತಿತ್ತು. ಚಿರಂಜೀವಿ ಅದಕ್ಕೂ ಆಗಲಿ ಎಂದ. ಅವನ ಬಾಯಿಗೆ ಬೇರೆ ಮಾತು ಬರುವುದೇ ಇಲ್ಲವೇನೋ.

‘ಭಾವ, ಬನ್ನಿ, ಅಮ್ಮ ಬಂತು’ ಎಂದು ಗೋಪಾಲಪ್ಪ ಕೂಗಿದಾಗ ಚಿರಂಜೀವಿ ಒರೆಸುವ ಬಟ್ಟೆ ಕೆಳಗಿಟ್ಟ.

ಲಕ್ಷ್ಮಮ್ಮ ಮಗಳ ತೋಳು ಹಿಡಿದುಕೊಂಡು ಮಿಷಿನ್ನಿನಿಂದ ಮಿಷಿನ್ನಿಗೆ ಬರುತ್ತಿದ್ದರು. ಒಂದೊಂದಕ್ಕೂ ಅರಿಸಿನ, ಕುಂಕುಮ, ಒಂದು ಎಳೆ ಹೂವು. ಹಿಂದೆ ಗೋಪಾಲಪ್ಪ ಹೊಸ ಪಂಚೆ ಸರಿಮಾಡಿಕೊಳ್ಳುತ್ತ. ಅವನ ಪಕ್ಕದಲ್ಲಿ ಬೂಟು ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲಿ ನಡೆಯುತ್ತಿದ್ದ ಹರ್ಷವರ್ಧನ್. ಅಷ್ಟು ಮೆತ್ತಗೆ ಮಾತಾಡುವ, ಕೈಕಟ್ಟಿ ನಿಂತು ಎಲ್ಲಕ್ಕೂ ತಲೆದೂಗುವ ಹುಡುಗನಂಥ ಮನುಷ್ಯ ಇಷ್ಟು ದೊಡ್ಡ ಕಂಪನಿಯವನು ಎಂದು ಚಿರಂಜೀವಿಗೆ ನಂಬಲಾಗಲಿಲ್ಲ. ಒರಟನಾಗಿದ್ದರೆ ಅವನಿಗೆ ಮೋಸಮಾಡುವುದು ಸುಲಭವಿತ್ತು. ಗುಂಡಿಯ ಬಳಿ ಬಂದ ಅತ್ತೆ ಕೂತು, ಮುಚ್ಚಳಕ್ಕೆ ಕುಂಕುಮ ಇಡುವ ಮೊದಲು ತಲೆಯೆತ್ತಿ ಕೇಳಿದರು.

‘ನಿಂತದಾ ಅಳಿಯಂದ್ರೆ?’

ಅತ್ತೆಯ ತಲೆಯ ಮೇಲಿಂದ ಗೋಪಾಲಪ್ಪ ಅವನಿಗೆ ಕಣ್ಣು ಹೊಡೆದ.

‘ನಿಂತಿದೆ ಅತ್ತೆ’ ಎಂದ ಚಿರಂಜೀವಿ. ಒಂದು ತಿಂಗಳಲ್ಲಿ ಆ ಚಕ್ರದ ಬಗ್ಗೆ ಅವನು ಆಡಿದ ಮೊದಲ ನಿಜ ಅದು. ಗೋಪಾಲಪ್ಪ ಮೀಸೆಯೊಳಗೆ ನಕ್ಕು, ಭಾವ ಪರವಾಗಿಲ್ಲ, ಒಳ್ಳೆ ಸುಳ್ಳು ಹೇಳ್ತಾರೆ ಎನ್ನುವ ಹಾಗೆ ತಲೆಯಾಡಿಸಿದ. ಅಷ್ಟು ವರ್ಷದಲ್ಲಿ ಭಾವಮೈದುನ ಅವನನ್ನು ಮೆಚ್ಚಿಕೊಂಡದ್ದು ಅದೇ ಮೊದಲು. ಚಿರಂಜೀವಿಗೆ ಖುಷಿಯಾಯಿತು. ಆದದ್ದು ನಿಜ, ಖುಷಿಯೇ ಆಯಿತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿಯುತ್ತದೆಂದು ಗೊತ್ತಿದ್ದೂ ಮೈ ಬೆಚ್ಚಗಾಯಿತು. ಅತ್ತೆ ಮುಚ್ಚಳಕ್ಕೆ ಹಣೆ ಮುಟ್ಟಿಸಿ, ‘ಒಂದಿನ ಸುದಾರ್ಸ್ಕೊಳಪ್ಪ, ವರ್ಸೆಲ್ಲ ತಿರುಗಿದ್ದೀಯ’ ಎಂದು ಚಕ್ರಕ್ಕೆ ಹೇಳಿದರು. ಅದು ಸತ್ತಿದೆ ಎಂದು ಗೊತ್ತಿಲ್ಲದವರಾದರೂ, ಅದರ ಜೊತೆ ಯಾರೋ ಮಾತಾಡಿದರಲ್ಲ.

ಈಗಲೂ ಒಂದು ದಾರಿ ಇತ್ತು. ಒಟ್ಟಿಗೆ ಬೇಡ, ಒಂದಾದ ಮೇಲೊಂದು ಮಿಷಿನ್ ಸ್ಟಾರ್ಟ್ ಮಾಡಿ ಎಂದರೆ ಸಾಕು, ಏನೂ ಆಗುವುದಿಲ್ಲ. ಆದರೆ ಹಾಗೆ ಒಂದೊಂದಾಗಿ ಶುರುಮಾಡಿದರೆ ಸಾಕೆನ್ನುವುದಾದರೆ ಈ ಚಕ್ರ, ಈ ಗುಂಡಿ, ಓದಿದ ಅಷ್ಟೊಂದು ಪುಸ್ತಕ, ಬಚ್ಚಲಮನೆಯಲ್ಲಿ ನಿಂತು ಕೇಳಿದ ಹೆಂಡತಿಯ ಮಾತು, ಯಾತಕ್ಕೆ? ಈ ಯೋಚನೆ ಅವನಿಗೆ ಹೊಸದಲ್ಲ. ಚಿತ್ರ ಬಿಡಿಸುವ ಕಾಲದಲ್ಲೇ ಬಂದಿತ್ತು, ಆಗ ಅದನ್ನು ಸೊಳ್ಳೆಯ ಹಾಗೆ ಓಡಿಸಿದ್ದ. ಈಗ ಹೋಗಿ ಹೇಳಬೇಕೆಂದು ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಕೊಟ್ರಪ್ಪ ಕರ್ಪೂರ ಉರಿಯುತ್ತಿದ್ದ ಬೂದುಗುಂಬಳವನ್ನು ಮೂರು ಸುತ್ತು ನಿವಾಳಿಸಿ ನೆಲಕ್ಕೆ ಅಪ್ಪಳಿಸಿದ. ಮಕ್ಕಳು ಕೂಗಿದರು. ಶೆಡ್ಡಿನ ಉದ್ದಕ್ಕೂ ಎಲ್ಲ ಕೈಗಳೂ ಹಸಿರು ಗುಂಡಿ ಒತ್ತಿದವು. ಪ್ರೆಸ್ಸುಗಳು ಒಮ್ಮೆ ಗುರ್ರೆಂದವು, ಮೇಲಿನ ದೀಪಗಳು ಕೆಂಪಗಾದವು, ಮೂಲೆಯಲ್ಲಿ ಮೇನ್ ದೊಡ್ಡ ಸದ್ದು ಮಾಡಿ ಬಿತ್ತು.

ತಗಡಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಊದುಬತ್ತಿಯ ಹೊಗೆ ಮಾತ್ರ ಅಲುಗುತ್ತಿತ್ತು. ಯಾರೋ ಹೆಂಗಸು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಕೊಟ್ರಪ್ಪ ಓಡಿಹೋಗಿ ಮೇನ್ ಎತ್ತಿದ. ಗಾಬರಿಯಲ್ಲಿ ಎರಡು ಕಡೆ ಮತ್ತೆ ಗುಂಡಿ ಒತ್ತಿದರು. ಅದು ಮತ್ತೆ ಬಿತ್ತು.

‘ಏಯ್ ಕೊಟ್ರಪ್ಪ! ಕತ್ತೆ ಕಾಯ್ತಿದ್ಯಾ?’ ಎಂದು ಗೋಪಾಲಪ್ಪ ಅಬ್ಬರಿಸಿದ. ‘ಮನೆಗೋಗು ನೀನು, ನಾಳೆಯಿಂದ ಬರ್ಬೇಡ!’

‘ನಾ ಏನ್ ಮಾಡೇನ್ರಿ ಯಜಮಾನ್ರ, ಚಕ್ರ ಓಡಾಕತ್ತಿತ್ರಿ, ನಾನೇ ಮುಂಜಾನಿ ಕೇಳೇನಿ...’

‘ಅವುನ್ನ ಬೈಬ್ಯಾಡ ಗೋಪಾಲ’ ಎಂದರು ಲಕ್ಷ್ಮಮ್ಮ. ಅವರ ಧ್ವನಿ ಶೆಡ್ಡಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ‘ಚಕ್ರ ನಿಂತದೆ. ನಾನೇ ಅಳಿಯಂದ್ರುಗೆ ನಿಲ್ಸಿ ಅಂದಿದ್ದೆ.’

ಗೋಪಾಲಪ್ಪ ತಿರುಗಿ ಭಾವನನ್ನು ನೋಡಿದ. ‘ನಿಜ್ವಾಗ್ಲೂ ನಿಲ್ಸಿದ್ರಾ?’

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಜ್ಯೋತಿಲಕ್ಷ್ಮಿ ನೋಡುತ್ತಿದ್ದಳು. ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು, ಅದೂ ಅತ್ತೆಯೇ ತೆರೆದುಕೊಟ್ಟದ್ದು. ನುಸುಳುವುದಷ್ಟೇ ಬಾಕಿ.

‘ಅತ್ತೆ ಹೇಳಿದ್ರು...’ ಎಂದ ಚಿರಂಜೀವಿ.

ಎರಡೇ ಎರಡು ಪದ. ಸುಳ್ಳೂ ಅಲ್ಲ. ಇಷ್ಟು ದಿನದ ಮೌನಕ್ಕಿಂತ ಆ ಎರಡು ಪದ ಕೀಳು ಎಂದು ಅವನಿಗೆ ಹೇಳುತ್ತಿರುವಾಗಲೇ ಗೊತ್ತಿತ್ತು. ಗೊತ್ತಿರುವುದರಿಂದ ಏನೂ ಪ್ರಯೋಜನವಿಲ್ಲ ಎನ್ನುವುದೂ ಗೊತ್ತಿತ್ತು. ಗೋಪಾಲಪ್ಪ ತಾಯಿಯ ಕಡೆಗೆ ತಿರುಗಿದ. ‘ನಿನ್ ಶಾಸ್ತ್ರ ಮನೇಲಿಟ್ಕೋ ಅಂತ ಎಷ್ಟು ಸಲ ಬಡ್ಕೊಳ್ಳಮ್ಮ? ಬಂದೋರ ಮುಂದೆ ಮಾನ ತೆಗೆದ್ಯಲ್ಲ! ಓದು ಬರಹ ಬರ್ದೋರು ಮಿಷಿನ್ ವಿಷ್ಯುಕ್ಕೆ ಯಾಕ್ ಬಾಯಾಕ್ಬೇಕು?’ ಮಗ ತಾಯಿಗೆ ಹೀಗೆ ಮಾತಾಡಿದ್ದನ್ನು ಅಲ್ಲಿದ್ದವರು ಯಾರೂ ಹಿಂದೆ ಕೇಳಿರಲಿಲ್ಲ. ಅತ್ತೆ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ಗದರಿಸಿದರೆ ವಾಪಸು ಗದರಿಸುವ ಹೆಂಗಸು. ಇವತ್ತು ತಪ್ಪು ತನ್ನದೇ ಎಂದು ನಂಬಿದ್ದರಿಂದ ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಗುಂಡಿಯ ಬಳಿ ಹೋಗಿ, ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ‘ತಪ್ಪಾಯ್ತು ಕಣಪ್ಪ. ಅದು ತಿರುಗೋಗಂಟ ನಾನು ಅನ್ನ ಮುಟ್ಟಕಿಲ್ಲ’ ಎಂದರು. ಮಗನಿಗೆ ಹೇಳಿದರೋ ಚಕ್ರಕ್ಕೋ ತಿಳಿಯಲಿಲ್ಲ.

ಮಿಷಿನ್ನುಗಳನ್ನು ಒಂದೊಂದಾಗಿ ಶುರುಮಾಡಿದರು. ಎಲ್ಲ ಸರಾಗವಾಗಿ ಓಡಿದವು. ಗೋಪಾಲಪ್ಪ ಹರ್ಷವರ್ಧನನ ಕೈ ಹಿಡಿದುಕೊಂಡು, ‘ಊಟ ಮಾಡ್ಕೊಂಡೇ ಹೋಗ್ಬೇಕು ಸಾರ್, ಅಷ್ಟೊತ್ಗೆ ಭಾವ ಸ್ಟಾರ್ಟ್ ಮಾಡ್ತಾರೆ, ತಿರುಗೋದನ್ನಾದ್ರೂ ನೋಡ್ಬೋದು’ ಎನ್ನುತ್ತಿದ್ದ. ಭಾವ ಚಕ್ರದ ಸ್ವಿಚ್ಚುಗಳ ಪ್ಯಾನಲ್ಲಿನ ಹಿಂದೆ ಹೋಗಿ ಕೂತ. ಸ್ಕ್ರೂಡ್ರೈವರು ತೆಗೆದುಕೊಂಡು ಒಂದು ಸ್ಕ್ರೂ ಬಿಚ್ಚಿದ, ಅದನ್ನೇ ಮತ್ತೆ ಹಾಕಿದ. ಶೆಡ್ಡಿನ ಆ ಬದಿಯಲ್ಲಿ ಎಲೆ ಹಾಕುತ್ತಿದ್ದರು. ಹೋಳಿಗೆಯ ತುಪ್ಪದ ವಾಸನೆ ಬಂತು, ಹಸಿವಾಯಿತು. ಇಂಥ ಹೊತ್ತಿನಲ್ಲೂ ಹಸಿವಾಗುತ್ತದಲ್ಲ ಎಂದು ತನ್ನ ಹೊಟ್ಟೆಯ ಬಗ್ಗೆ ಅಸಹ್ಯಪಟ್ಟ. ಆದರೂ ಹೋಳಿಗೆ ಕಡಲೆಬೇಳೆಯದೋ ತೊಗರಿಬೇಳೆಯದೋ ಎಂದು ಮೂಗು ತನ್ನ ಪಾಡಿಗೆ ವಿಚಾರಿಸುತ್ತಿತ್ತು. ಜ್ಯೋತಿಲಕ್ಷ್ಮಿ ಬಂದು ಬಗ್ಗಿ ನೋಡಿದಳು. ‘ರೀ, ಬೇಗ ಆಗುತ್ತಾ? ಅಮ್ಮ ಬೆಳಗ್ಗೆ ಶುಗರ್ ಮಾತ್ರೆ ತಗೊಂಡೈತೆ. ಕೈ ನಡುಗ್ತಾ ಐತೆ. ಒಂದು ತುತ್ತು ತಿನ್ನಮ್ಮ ಅಂದ್ರೆ ಕೇಳ್ತಿಲ್ಲ.’ ಅವಳ ಹಣೆಯ ಮೇಲೆ ಬೆವರಿಗೆ ಕುಂಕುಮ ಇಳಿದಿತ್ತು. ಅವಳು ಅವನನ್ನು ಇನ್ನೂ ನಂಬಿದ್ದಳು. ಈ ಮನೆಯಲ್ಲಿ ಮುದುಕಿಯ ಮಾತಿಗೆ ಬೆಲೆ ಕೊಟ್ಟವರು ನೀವೊಬ್ಬರೇ ಎಂದು ಅವಳ ಕಣ್ಣು ಹೇಳುತ್ತಿತ್ತು, ಅಥವಾ ಅವನಿಗೆ ಹಾಗೆ ಕಂಡಿತು. ಅವನು ಎದ್ದ.

ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅವನು ಕುರ್ಚಿಯ ಪಕ್ಕ ಮೊಣಕಾಲೂರಿ, ಪ್ರೆಸ್ಸಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳದಂತೆ ಹೇಳಿದ. ‘ಅತ್ತೆ, ಊಟ ಮಾಡಿ. ಅದು ಇವತ್ತು ತಿರುಗಲ್ಲ. ನೀವು ನಿಲ್ಸಿದ್ದಲ್ಲ. ಗೌರಿ ಹಬ್ಬಕ್ಕೆ ಮುಂಚೇನೇ ಕೆಟ್ಟೋಗಿದೆ. ನಾನು ಯಾರಿಗೂ ಹೇಳ್ಲಿಲ್ಲ.’

ಅತ್ತೆ ಕಣ್ಣು ತೆರೆದರು. ಬೈಯುತ್ತಾರೆ ಎಂದು ಕಾದ, ಬೈದರೆ ಸಾಕೆನಿಸಿತ್ತು. ಅವರು ಮಗಳಿದ್ದ ಕಡೆ ನೋಡಿದರು. ಅಲ್ಲಿ ಜ್ಯೋತಿಲಕ್ಷ್ಮಿ ಕೆಲಸದವರ ಹೆಂಡತಿಯರಿಗೆ ಕೋಸಂಬರಿ ಬಡಿಸುತ್ತಿದ್ದಳು.

‘ಜ್ಯೋತಿಗೆ ಗೊತ್ತಾ?’

‘ಇಲ್ಲ.’

‘ಊರೆಲ್ಲ ಏಳ್ಕೊಂಡವ್ಳೆ ನಿಮ್ ಚಕ್ರುದ್ ಇಷ್ಯ.’ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, ‘ಎಲೆ ಆಕಕ್ಕೇಳಿ’ ಎಂದರು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಎಲೆ ಬಂತು, ಅನ್ನ ಬಂತು, ಅತ್ತೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಆ ಬದಿಯಿಂದ ಜ್ಯೋತಿಲಕ್ಷ್ಮಿಯ ಧ್ವನಿ ಕೇಳಿಸಿತು: ‘ಅಮ್ಮ ಊಟ ಮಾಡ್ತಾ ಐತೆ, ಅಂದ್ರೆ ತಿರುಗ್ತು!’ ಆಗ ಅರ್ಥವಾಯಿತು. ಗೋಪಾಲಪ್ಪ ಅತಿಥಿಯನ್ನು ಕರೆದುಕೊಂಡು ಬಂದ. ತಾಯಿಯ ಮುಂದೆ ನಿಂತು, ಬೈದದ್ದು ನೆನಪಾಗಿ ಮುಖ ಸಪ್ಪಗೆ ಮಾಡಿಕೊಂಡು ಕೇಳಿದ. ‘ತಿರುಗ್ತಾ ಐತೇನಮ್ಮ?’

‘ಹ್ಞೂಂ ಕಣಪ್ಪ. ತಿರುಗ್ತಾ ಅದೆ’ ಎಂದರು ಲಕ್ಷ್ಮಮ್ಮ. ಹಬ್ಬದ ದಿನ ಕಾಗೆಗೆ ಎಡೆಯಿಡದೆ ತುತ್ತು ಮುಟ್ಟದ ಹೆಂಗಸು, ಬಾಯಲ್ಲಿ ಅನ್ನವಿಟ್ಟುಕೊಂಡು, ತಲೆಯೆತ್ತದೆ ಹೇಳಿದರು. ಚಿರಂಜೀವಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಸುಮ್ಮನಿದ್ದ. ಸುಮ್ಮನಿರುವುದರಲ್ಲಿ ಅವನು ಒಂದು ತಿಂಗಳು ಪಳಗಿದ್ದ. ಇನ್ನೂ ಎಷ್ಟೋ ದಿನ ಸುಮ್ಮನಿರಬಲ್ಲವನಾಗಿದ್ದ.

ಹರ್ಷವರ್ಧನ್ ಕಾಲುಚೀಲದಲ್ಲೇ ಗುಂಡಿಯ ಬಳಿ ಕೂತು, ಅತ್ತೆ ಇಟ್ಟ ಕುಂಕುಮ ಅಳಿಸದ ಹಾಗೆ, ಮುಚ್ಚಳದ ಮೇಲೆ ಅಂಗೈ ಇಟ್ಟ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದ. ‘ಸೂಪರ್ ಸಾರ್’ ಎಂದು ಮೆಲ್ಲಗೆ ಹೇಳಿದ. ‘ಪಕ್ಕದಲ್ಲಿ ಇಷ್ಟೊಂದು ಪ್ರೆಸ್ ಓಡ್ತಾ ಇದ್ರೂ ಇದ್ರಲ್ಲಿ ವೈಬ್ರೇಷನ್ನೇ ಇಲ್ಲ! ನಾನು ಫಾರಿನ್ನಲ್ಲಿ ನೋಡಿರೋದೂ ಕೈಗೆ ಸ್ವಲ್ಪ ತಾಗುತ್ತೆ. ಇಷ್ಟು ಸ್ಮೂತಾಗಿ ಹೇಗೆ ಮಾಡಿದ್ರಿ?’

ಚಿರಂಜೀವಿಯೊಳಗೆ ಏನೋ ಎದ್ದು ನಿಂತಿತು. ಅದು ಸತ್ಯವಾಗಿರಲಿಲ್ಲ, ಅತ್ತೆಯ ಮೇಲಿನ ಕನಿಕರವೂ ಆಗಿರಲಿಲ್ಲ. ಬದುಕಿದ್ದಾಗ ಅವನ ಚಕ್ರ ನಡುಗುತ್ತಿತ್ತು. ಎಷ್ಟು ರಾತ್ರಿ ನಿದ್ದೆಗೆಟ್ಟರೂ ಆ ಸಣ್ಣ ನಡುಕವನ್ನು ಅವನಿಗೆ ತೆಗೆಯಲಾಗಿರಲಿಲ್ಲ. ಕೊನೆಗೆ ಅದರ ಮೇಲೇ ಮಮತೆ ಬೆಳೆದಿತ್ತು. ಈಗ ಈ ಮನುಷ್ಯ ಸತ್ತದ್ದನ್ನು ಮುಟ್ಟಿ, ಬದುಕಿದ್ದದ್ದಕ್ಕಿಂತ ಚೆನ್ನಾಗಿದೆ ಎನ್ನುತ್ತಿದ್ದಾನೆ. ಹೊಟ್ಟೆಕಿಚ್ಚಾಯಿತು. ತನ್ನ ಚಕ್ರದ ಹೆಣದ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

‘ತಿರುಗ್ತಿಲ್ಲ ಸಾರ್, ಅದಕ್ಕೇ ವೈಬ್ರೇಷನ್ ಇಲ್ಲ’ ಎಂದ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ‘ಗೌರಿ ಹಬ್ಬಕ್ಕೆ ಮುಂಚೇನೇ ಬೇರಿಂಗ್ ಹೋಗಿದೆ. ತಿರುಗ್ವಾಗ ಕೈಗೆ ತಾಗ್ತಿತ್ತು. ಚೆನ್ನಾಗಿ ತಾಗ್ತಿತ್ತು.’

ಹೇಳಿಬಿಟ್ಟೆ ಎಂದು ಅವನಿಗೆ ಒಂದು ಕ್ಷಣ ಮೈ ಹಗುರಾಯಿತು. ಎದೆಯುಬ್ಬಿಸಿ ನಿಂತುಕೊಂಡ ಕೂಡ. ಹರ್ಷವರ್ಧನ್ ಕೈ ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡ. ಕೊಟ್ರಪ್ಪ ತನ್ನ ಕಿವಿ ಮುಟ್ಟಿಕೊಂಡ. ಗೋಪಾಲಪ್ಪ ಭಾವನ ಮೇಲೆ ಎಗರುತ್ತಾನೆಂದು ಎಲ್ಲರೂ ಕಾದರು. ಅವನು ಭಾವನನ್ನು ನೋಡಲೇ ಇಲ್ಲ. ಎಲೆಯ ಮುಂದೆ ಕೂತಿದ್ದ ತಾಯಿಯನ್ನು ನೋಡುತ್ತಿದ್ದ.

‘ಮತ್ತೆ ನೀನು ತಿರುಗ್ತಾ ಅದೆ ಅಂದ್ಯಲ್ಲಮ್ಮ?’ ಎಂದ. ಕೋಪವಿರಲಿಲ್ಲ, ಬರೀ ಆಶ್ಚರ್ಯ. ‘ನಂಗೇ ಸುಳ್ಳೇಳಿದ್ಯಾ?’

ಶೆಡ್ಡಿನ ಹೆಂಗಸರು, ಮಕ್ಕಳು, ಬಡಿಸುತ್ತಿದ್ದವರು ಎಲ್ಲ ಲಕ್ಷ್ಮಮ್ಮನ ಕಡೆಗೇ ನೋಡುತ್ತಿದ್ದರು. ಅವರು ಅಳಿಯನ ಕಡೆಗೆ ನೋಡಲಿಲ್ಲ. ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟು, ಅನ್ನ ಹಾಗೇ ಇರುವಾಗಲೇ ಎಲೆಯನ್ನು ಮಡಚಿ, ಕುರ್ಚಿಯ ಕೈ ಹಿಡಿದು ಎದ್ದು, ನಲ್ಲಿಯ ಕಡೆಗೆ ಹೊರಟರು.

ಜ್ಯೋತಿಲಕ್ಷ್ಮಿ ಕೋಸಂಬರಿಯ ಪಾತ್ರೆ ಕೆಳಗಿಟ್ಟು ಬಂದಳು. ಗಂಡನ ಹತ್ತಿರ ಬಂದು ನಿಂತಳು. ಅವಳು ಅಳಬಹುದು, ಕೂಗಾಡಬಹುದು, ಕಡೆಗೂ ನಿಜ ಹೇಳಿದಿರಲ್ಲ ಎಂದರೂ ಎನ್ನಬಹುದು ಎಂದು ಅವನು ಅಷ್ಟು ಹೊತ್ತಿನಲ್ಲೂ ಆಸೆಪಟ್ಟ.

‘ಒಂದು ತಿಂಗ್ಳು ಸುಮ್ನಿದ್ರಿ’ ಎಂದಳು. ‘ಅಮ್ಮ ಊಟ ಮುಗ್ಸೋಗಂಟ ಇರಕ್ಕಾಗ್ಲಿಲ್ವಾ?’

ಮತ್ತೆ ತಾಯಿಯ ಹಿಂದೆ ಹೋದಳು.